ಬೆಸಾಂವ್ ಕೇಳದ ಸಂಜೆಗಳು

ಕಳೆದ ಭಾನುವಾರ ಚರ್ಚಿನ ಪಕ್ಕದ ಹಾಲ್‌ನಲ್ಲಿ ಹುಡುಗಿಯರು ಕ್ರಿಸ್ಮಸ್ಸಿನ ಗೋದಲಿ ಕಟ್ಟುತ್ತಿದ್ದರು. ಯಾರೋ ತೋಟದಿಂದ ಒಂದು ಗೋಣಿಚೀಲ ಪಾಚಿ ತಂದು ನೆಲಕ್ಕೆ ಸುರಿದರು. ಸಿಲ್ವರ್ ಮರದ ಬುಡದಿಂದ, ಹಳೇ ಕಾಫಿ ಗಿಡದ ಕಾಂಡದಿಂದ ಬೆರಳು ತೂರಿಸಿ ಚಾಪೆ ಸುತ್ತಿದ ಹಾಗೆ ಎಬ್ಬಿಸಿದ ಹಸಿ ಪಾಚಿ. ನಾನು ಹೋಗಿದ್ದು ಅವರ ಕ್ಯಾರಲ್ಸ್ ಉಚ್ಚಾರಣೆ ತಿದ್ದಲು. ಆ ವಾಸನೆ ಮೂಗಿಗೆ ಬಿದ್ದದ್ದೇ ಕುರ್ಚಿ ಹುಡುಕಿ ಕೂತುಬಿಟ್ಟೆ.

“ಮಿಸ್, ಆರ್ ಯೂ ಆಲ್‌ರೈಟ್?” ಎಂದಳು ಒಬ್ಬಳು. ಮೂವತ್ತಾರು ವರ್ಷ ಪಾಠ ಮಾಡಿದವಳಿಗೆ ಚಿಕ್ಕಮಗಳೂರಿನಲ್ಲಿ ಬೇರೆ ಹೆಸರಿಲ್ಲ; ಅಜ್ಜಿಯಂದಿರೂ ಮೊಮ್ಮಕ್ಕಳೂ ಮಿಸ್ ಅಂತಲೇ ಕರೆಯುವುದು.

“ಆಲ್‌ರೈಟ್ ಕಣೇ. ನೀನು ಹಾಡು,” ಎಂದೆ.

ಆಲ್‌ರೈಟ್ ಇರಲಿಲ್ಲ. ಐದು ವರ್ಷದ ಹಿಂದಿನ ಆಡ್ವೆಂಟ್, ಅಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರದ ಕಾಲ, ಎದುರಿಗೆ ಬಂದು ನಿಂತಿತ್ತು. ಆಗ ನನಗೆ ಎಪ್ಪತ್ತಮೂರು. ಮೂಡಿಗೆರೆಯಿಂದ ದೇವರಮನೆ ಕಡೆ ಹೋಗುವ ದಾರಿಯಲ್ಲಿ ನನ್ನ ತಮ್ಮ ಲಿಗೋರಿಯ ಸಣ್ಣ ಕಾಫಿ ತೋಟ. ಎಸ್ಟೇಟ್ ಅನ್ನುವಷ್ಟು ದೊಡ್ಡದಲ್ಲ, ಆದರೂ ನಮ್ಮ ಅಪ್ಪ ಗೇಟಿಗೆ ಎಸ್ಟೇಟ್ ಅಂತಲೇ ಬೋರ್ಡು ಬರೆಸಿದ್ದರು. ಆ ವರ್ಷ ಜುಲೈ ಮಳೆಯಲ್ಲಿ ಲಿಗೋರಿಯ ಹೆಂಡತಿ ತೆರೆಜಾ ತೀರಿಕೊಂಡಿದ್ದಳು. ಒಬ್ಬಳೇ ಮಗಳು ರೀನಾ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ತೆರೆಜಾ ಇಲ್ಲದ ಮೊದಲ ಕ್ರಿಸ್ಮಸ್ಸಿಗೆ ತಮ್ಮ ಒಬ್ಬನೇ ಆಗಬಾರದೆಂದು ಆಡ್ವೆಂಟಿನ ಮೊದಲ ಭಾನುವಾರವೇ ಒಂದು ಸೂಟ್‌ಕೇಸ್ ಹಿಡಿದು ನಾನು ಅಲ್ಲಿಗೆ ಹೋಗಿ ಇಳಿದೆ.

ನಮ್ಮ ಕೊಂಕಣಿ ಕೆಥೊಲಿಕ್ ಮನೆಗಳಲ್ಲಿ ಸಾವಾದ ವರ್ಷ ಕ್ರಿಸ್ಮಸ್ಸಿಗೆ ನಕ್ಷತ್ರ ತೂಗುಹಾಕುವುದಿಲ್ಲ. ಎಣ್ಣೆ ಇಡುವುದಿಲ್ಲ, ಅಂದರೆ ಕುಸ್ವಾರ್ ಕರಿಯುವುದಿಲ್ಲ. ಕುಸ್ವಾರ್ ಅಂದರೆ ಹಬ್ಬದ ತಿಂಡಿಗಳ ಒಟ್ಟು ಹೆಸರು: ಕರ್ಜಿಕಾಯಿ, ಚಕ್ಕುಲಿ, ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿ ಕರಿಯುವ ಕಿಡಿಯೋ. ಹೊಸ ಬಟ್ಟೆಯಿಲ್ಲ. ಪ್ರಾರ್ಥನೆಗೆ ಮಾತ್ರ ರಜೆಯಿಲ್ಲ. ಗೋದಲಿಯೂ ಉಂಟು, ಯೇಸು ಹುಟ್ಟುವುದು ಯಾರ ಸಾವಿಗೂ ಕಾಯುವುದಿಲ್ಲವಲ್ಲ. ಲಿಗೋರಿ ಆ ಭಾನುವಾರವೇ ಪಾಚಿ ಬಿಡಿಸಿ ತಂದು ವರಾಂಡದಲ್ಲಿ ನೀರು ಚಿಮುಕಿಸಿ ಹರಡಿದ್ದ. ಹಿತ್ತಾಳೆ ತಟ್ಟೆಯಲ್ಲಿ ನಾಲ್ಕು ಮೇಣದಬತ್ತಿ ಊರಿದ್ದ. ಮೂರು ನೇರಳೆ, ಒಂದು ಗುಲಾಬಿ. ವಾರಕ್ಕೊಂದು ಹೊತ್ತಿಸುವುದು. ಎಲ್ಲ ತೆರೆಜಾ ಮಾಡುತ್ತಿದ್ದ ಹಾಗೆಯೇ. ಮಾತು ಮಾತ್ರ ಇರಲಿಲ್ಲ.

ಸಂಜೆ ಏಳಕ್ಕೆ ತೆರ್ಸ್‌ಗೆ ಕೂತೆವು, ಅಂದರೆ ಜಪಸರದ ಪ್ರಾರ್ಥನೆಗೆ. ಅದು ಮುಗಿದ ಕೂಡಲೇ ನಮ್ಮಲ್ಲಿ ಒಂದು ರೂಢಿಯಿದೆ. ಮನೆಯ ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು “ಬೆಸಾಂವ್ ದೀ” ಅನ್ನಬೇಕು, ಆಶೀರ್ವಾದ ಕೊಡು ಅಂತ. ಹಿರಿಯರು ತಲೆ ಮುಟ್ಟಿ “ದೇವ್ ಬರೆಂ ಕರುಂ” ಅನ್ನಬೇಕು, ದೇವರು ಒಳ್ಳೆಯದು ಮಾಡಲಿ ಅಂತ. ವಯಸ್ಸಿನ ಸಾಲು ತಪ್ಪುವ ಹಾಗಿಲ್ಲ. ಹಗಲಲ್ಲಿ ಎಷ್ಟೇ ಜಗಳವಾಗಿರಲಿ, ಬೆಸಾಂವ್ ಕೇಳದೆ ಊಟಕ್ಕೆ ಕೂರುವ ಹಾಗಿಲ್ಲ, ಕೇಳಿದವರಿಗೆ ಕೊಡದೆ ಇರುವ ಹಾಗೂ ಇಲ್ಲ. ಚಿಕ್ಕಂದಿನಲ್ಲಿ ಬಟ್ಟೆ ಹರಿಯುವ ಹಾಗೆ ಹೊಡೆದಾಡಿಕೊಂಡು, ಸಂಜೆ ಮೂತಿ ಊದಿಸಿಕೊಂಡೇ ಲಿಗೋರಿ ನನ್ನ ಮುಂದೆ ಕೈಮುಗಿಯುತ್ತಿದ್ದ. ನಾನು ತಲೆ ಮುಟ್ಟುವ ನೆವದಲ್ಲಿ ಒಂದು ಕುಟ್ಟುತ್ತಿದ್ದೆ.

ಅವತ್ತೂ ಅರವತ್ತೊಂಬತ್ತರ ತಮ್ಮ, ಗೋಡೆ ಹಿಡಿದುಕೊಂಡು ಮೊಣಕಾಲೂರಿದ್ದವನು ಎದ್ದು, ನನ್ನ ಮುಂದೆ ಕೈ ಜೋಡಿಸಿದ. “ಬೆಸಾಂವ್ ದೀ, ಬಾಯ್.” ಬಾಯ್ ಅಂದರೆ ಅಕ್ಕ.

“ದೇವ್ ಬರೆಂ ಕರುಂ,” ಎಂದೆ. ಅವನ ತಲೆ ಬಿಸಿಯಾಗಿತ್ತು. ಇಡೀ ದಿನ ಬಿಸಿಲಲ್ಲಿ ಹಣ್ಣು ಕೊಯ್ಲಿನ ಹಿಂದೆ ಓಡಾಡಿದ ತಲೆ.

ಎಂಟು ಗಂಟೆಗೆ ರೀನಾಳ ಫೋನು. ಲಿಗೋರಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

“ಊಟ ಆಯ್ತಾ ಪಾಪಾ?”

“ಹ್ಞೂಂ.”

“ಕೊಯ್ಲು ಎಷ್ಟಾಯ್ತು?”

“ನಡೀತಿದೆ.”

“ಬಿ.ಪಿ. ಮಾತ್ರೆ?”

“ಹ್ಞೂಂ.”

ಆಮೇಲೆ ಸಣ್ಣ ದನಿ: “ಬೆಸಾಂವ್ ದೀ, ಪಾಪಾ.”

ಲಿಗೋರಿ ಎದ್ದು ಫೋನನ್ನು ನನ್ನ ಮಡಿಲಿಗೆ ಹಾಕಿ, ಕೋಳಿಗೂಡಿನ ಬಾಗಿಲು ನೋಡಲು ಹೊರಟುಹೋದ. ನಾನು ಫೋನು ಎತ್ತಿಕೊಂಡು, “ದೇವ್ ಬರೆಂ ಕರುಂ, ಪುತಾ,” ಎಂದೆ.

“ಥ್ಯಾಂಕ್ಸ್ ಆಕಯ್,” ಎಂದಳು. ಆಕಯ್ ಅಂದರೆ ಸೋದರತ್ತೆ. “ಬಿಡಿ, ನಾಳೆ ಮತ್ತೆ ಕೇಳ್ತೀನಿ.”

ಐದು ತಿಂಗಳಿಂದ ಇದೇ ನಡೆದಿತ್ತು. ನಮ್ಮ ವಂಶದಲ್ಲಿ ಕುಡುಕರು ಇದ್ದರು, ಕೋರ್ಟಿಗೆ ಹೋದವರು ಇದ್ದರು, ಆದರೆ ಮಗುವಿಗೆ ಬೆಸಾಂವ್ ಕೊಡದ ಅಪ್ಪ ಇರಲಿಲ್ಲ. ಅದಕ್ಕೆ ಕಾರಣ ಇಡೀ ಊರಿಗೆ ಗೊತ್ತಿತ್ತು. ಊರಿಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಉಳಿದರ್ಧ ಇಬ್ಬರಿಗೆ ಗೊತ್ತಿತ್ತು, ರೀನಾಳಿಗೆ ಮತ್ತು ನನಗೆ.

ಜುಲೈನಲ್ಲಿ ತೆರೆಜಾಗೆ ಸ್ಟ್ರೋಕ್ ಆಯಿತು. ರೀನಾ ಕೆಲಸ ಮಾಡುವ ಆಸ್ಪತ್ರೆಗೇ ಸೇರಿಸಿದರು. ಆರನೆಯ ದಿನ ಲಿಗೋರಿ ಬಟ್ಟೆ ತರಲು, ನಾಯಿ ಕೋಳಿಗಳನ್ನು ಯಾರಿಗಾದರೂ ಒಪ್ಪಿಸಿ ಬರಲು ಮನೆಗೆ ಬಂದ. ಹೊರಡುವಾಗ ಮಗಳಿಗೆ ಹೇಳಿದ್ದ: “ನಾನು ವಾಪಸ್ ಬರೋ ತನಕ ಮಮ್ಮಿನ ಎಲ್ಲಿಗೂ ಅಲ್ಲಾಡಿಸ್ಬೇಡ.” ಅವನು ಮೇಲೆ ಬಂದ ರಾತ್ರಿಯೇ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿತು. ಮರ ಬಿದ್ದು ಕರೆಂಟ್ ಹೋಯಿತು, ಅದರ ಹಿಂದೆ ಫೋನೂ ಹೋಯಿತು. ಮರುದಿನ ಬೆಳಿಗ್ಗೆ ಡಾಕ್ಟರು ರೀನಾಳನ್ನು ಕರೆದು, ಇನ್ನು ಎಚ್ಚರ ಬರುವುದಿಲ್ಲಮ್ಮ, ಮೆಷಿನ್ನಿನಲ್ಲಿ ಕೆಲವು ದಿನ ಇಡಬಹುದು, ಮನೆಗೆ ಒಯ್ಯುವುದಾದರೆ ಈಗಲೇ ಎಂದರು. ಅವಳು ಅಪ್ಪನಿಗೆ ಫೋನು ಮಾಡಿ ಮಾಡಿ ಸಾಕಾಗಿ ನನಗೆ ಮಾಡಿದಳು.

“ಆಕಯ್, ಏನ್ ಮಾಡ್ಲಿ?” ಸಾವಿರ ಜನರ ಸಾವು ನೋಡಿದ ನರ್ಸಿನ ದನಿಯಲ್ಲ ಅದು.

ನನಗೆ ತೆರೆಜಾಳ ಮಾತು ಕಿವಿಯಲ್ಲೇ ಇತ್ತು. ಆ ವರ್ಷ ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಸಮಯದಲ್ಲಿ ನನ್ನ ಮನೆಗೆ ಬಂದವಳು ಬೆಳ್ಳುಳ್ಳಿ ಸುಲಿಯುತ್ತಾ, ಏನೋ ಉಪ್ಪಿನಕಾಯಿ ವಿಷಯ ಹೇಳಿದ ಹಾಗೆ ಹೇಳಿದ್ದಳು: “ಬಾಯ್, ನಂಗೇನಾದ್ರೂ ಆದ್ರೆ ಆ ಪೈಪುಗಳ ಮಧ್ಯೆ ಬಿಡ್ಬೇಡಿ. ಘಾಟಿ ಹತ್ತಿಸಿ ನನ್ನ ಹಾಸಿಗೆಗೆ ತಂದ್ಬಿಡಿ. ಇವ್ರಿಗೆ ಹೇಳ್ಬೇಡಿ ಮತ್ತೆ, ಅನ್ನ ಬಿಟ್ಟು ಕೂತ್ಕೋತಾರೆ.”

“ಮನೆಗೆ ಕರ್ಕೊಂಡು ಹೋಗು,” ಎಂದೆ ರೀನಾಳಿಗೆ.

“ಪಾಪಾ ಬೇಡ ಅಂದಿದ್ರು.”

“ಪಾಪಾಗೆ ನಾನು ಹೇಳ್ತೀನಿ. ದಟ್ ಈಸ್ ಮೈ ರೆಸ್ಪಾನ್ಸಿಬಿಲಿಟಿ. ನೀನು ಹೊರಡು.”

ಅವಳು ಸಹಿ ಹಾಕಿ ಹೊರಟಳು. ಚಾರ್ಮಾಡಿ ಮುಚ್ಚಿದ್ದರಿಂದ ಆಂಬುಲೆನ್ಸು ಕಾರ್ಕಳಕ್ಕೆ ಸುತ್ತಿ ಕುದುರೆಮುಖದ ದಾರಿ ಹಿಡಿಯಿತು. ಅದಿರಿನ ಕಂಪನಿ ಮುಚ್ಚಿ ಖಾಲಿ ಬಿದ್ದ ಆ ಕ್ವಾರ್ಟರ್ಸುಗಳ ಸಾಲು ದಾಟುವಾಗ ತೆರೆಜಾಳ ಉಸಿರು ನಿಂತಿತು. ಅಲ್ಲಿಂದ ಮನೆವರೆಗೆ ರೀನಾ ಅಮ್ಮನ ಕೈ ಹಿಡಿದು ಕೂತು ಬಂದಳು. ಮುಸ್ಸಂಜೆಗೆ ಗಾಡಿ ಗೇಟಿಗೆ ಬಂದಾಗ ಏನೂ ಗೊತ್ತಿಲ್ಲದ ಲಿಗೋರಿ ಮೆಟ್ಟಿಲ ಮೇಲೆ ಟಾರ್ಚಿಗೆ ಸೆಲ್ ಹಾಕುತ್ತಾ ಕೂತಿದ್ದನಂತೆ.

ಮಣ್ಣು ಮಾಡಿದ ದಿನ, ಸಿಮೆಟ್ರಿಯಲ್ಲಿ, ಎಲ್ಲರೂ ಒಂದೊಂದು ಹಿಡಿ ಹಾಕಿ ಸರಿದ ಮೇಲೆ ಅವನು ಮಗಳಿಗೆ ಹೇಳಿದ: “ದಾರೀಲಿ ಸಾಯಿಸ್ದೆ ನನ್ನ ತೆರೆಜಾನ್ನ.” ನಾನು ಪಕ್ಕದಲ್ಲೇ ಅವನಿಗೆ ಕೊಡೆ ಹಿಡಿದು ನಿಂತಿದ್ದೆ. ಆಗ ನನ್ನ ಬಾಯಿ ತೆರೆಯಬೇಕಿತ್ತು. ರೀನಾ ಒಂದೇ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ತಲೆ ಬಗ್ಗಿಸಿದಳು.

ಇವತ್ತು ಹೇಳುವುದು ಬೇಡ, ದುಃಖ ಹಸಿಯಿದೆ ಅಂದುಕೊಂಡೆ. ಏಳನೇ ದಿನದ ಪೂಜೆಗೂ ಹಾಗೇ ಅಂದುಕೊಂಡೆ, ತಿಂಗಳಿಗೂ ಹಾಗೇ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವುದಕ್ಕೂ ಉತ್ತರ ಬೇಕಾಗಿ ಬಂತು. ಕಾನ್ವೆಂಟಿನಲ್ಲಿ ನಮಗೆ ಕೆಟೆಕಿಸಂ, ಅಂದರೆ ಧರ್ಮಪಾಠ, ಹೇಳಿದ ಸಿಸ್ಟರು ಪಾಪಗಳನ್ನು ಎರಡು ಸಾಲಾಗಿ ಬೋರ್ಡಿನ ಮೇಲೆ ಬರೆಯುತ್ತಿದ್ದರು: ಮಾಡಿದ್ದು, ಮಾಡದೆ ಬಿಟ್ಟದ್ದು. ಸಿನ್ ಆಫ್ ಒಮಿಷನ್. ನಾನು ಆ ಪಾಠದಲ್ಲಿ ಪ್ರೈಜ್ ತಗೊಂಡವಳು.

ರೀನಾಳನ್ನು ಒಮ್ಮೆ ಗುಟ್ಟಾಗಿ, “ಹೇಳಿಬಿಡ್ಲಾ ಪುತಾ?” ಎಂದು ಕೇಳಿದ್ದೆ. ಕೇಳಿದ್ದೇ ಹೇಡಿತನ, ಮಗುವಿನ ಬಾಯಿಂದ ಬೇಡ ಅನ್ನಿಸಿಕೊಳ್ಳಲು ಕೇಳಿದ್ದು. ಅವಳೋ, “ಸಹಿ ನಂದು ಆಕಯ್. ಪಾಪಾಗೆ ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ? ನಿಮ್ಮ ಮೇಲೂ ಸಿಟ್ಟಾದ್ರೆ ತೆರ್ಸ್ ಯಾರ ಜತೆ ಹೇಳ್ತಾರೆ?” ಎಂದಿದ್ದಳು.

ಹೀಗೆ ಮೊದಲ ಎರಡು ವಾರ ಕಳೆದವು. ಅರೇಬಿಕಾ ಕೊಯ್ಲು ಜೋರಾಗಿತ್ತು. ಹಗಲೆಲ್ಲ ಪಲ್ಪರಿನ ಗಡಗಡ, ಸಿಪ್ಪೆಯ ಹುಳಿ ವಾಸನೆ, ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್. ಪಲ್ಪರಿನಲ್ಲಿ ಹಣ್ಣಿನ ಸಿಪ್ಪೆ ಹೋಗಿ, ತೊಳೆದು, ಒಣಗಲು ಹಾಕಿದ ಕಾಳಿಗೆ ಪಾರ್ಚ್‌ಮೆಂಟ್ ಅನ್ನುವುದು. ಬಿಸಿಲಿಗೆ ಅದರ ಬಣ್ಣ ಹಳೇ ಲೇಸಿನ ಬಣ್ಣ. ಬೆಳಿಗ್ಗೆ ಬೆಟ್ಟದ ಮೇಲೆ ಮಂಜು, ಹತ್ತರ ನಂತರ ಚುರುಗುಟ್ಟುವ ಬಿಸಿಲು. ಸಂಜೆ ತೆರ್ಸ್. ದಿನವೂ ತಮ್ಮ ಕೈಮುಗಿಯುತ್ತಿದ್ದ, ದಿನವೂ ನಾನು ಬೆಸಾಂವ್ ಕೊಡುತ್ತಿದ್ದೆ. ಆಮೇಲೆ ಫೋನು ಬರುತ್ತಿತ್ತು, ಅವನು ಕೋಳಿಗೂಡು ನೋಡಲು ಹೋಗುತ್ತಿದ್ದ. ಎರಡನೇ ವಾರದ ಹೊತ್ತಿಗೆ ಅವನ ತಲೆ ಮುಟ್ಟುವಾಗ ನನ್ನ ಬೆರಳು ಹಿಂಜರಿಯತೊಡಗಿತು. ಸುಳ್ಳು ಹಿಡಿದ ಕೈಯಿಂದ ಎಂಥ ಬೆಸಾಂವ್?

ಕ್ರಿಸ್ಮಸ್ಸಿನ ಮುಂಚೆ ಎಲ್ಲರೂ ಪಾಪನಿವೇದನೆ ಮಾಡಬೇಕು. ಶನಿವಾರ ಚರ್ಚಿಗೆ ಹೋಗಿ ಸಾಲಿನಲ್ಲಿ ನಿಂತೆ. ಜಾಲರಿಯ ಆಚೆ ಹೊಸ ಫಾದರ್, ನನ್ನ ಮೊಮ್ಮಗನಾಗುವ ವಯಸ್ಸು. ಕೋಪ ಮಾಡಿಕೊಂಡೆ ಎಂದೆ. ಮಾತ್ರೆಯ ನೆವದಲ್ಲಿ ಉಪವಾಸ ತಪ್ಪಿಸಿದೆ ಎಂದೆ. ಪಕ್ಕದವರ ಟಿ.ವಿ. ಸದ್ದಿಗೆ ಶಪಿಸಿದೆ ಎಂದೆ. “ಅಷ್ಟೇನಾ ಅಜ್ಜಿ?” ಎಂದರು. “ಅಷ್ಟೇ ಫಾದರ್.” ಮೂರು ನಮೋ ಮರಿಯಾ ಹೇಳಿ ಅಂದರು. ಹೇಳಿ ಹೊರಗೆ ಬಂದೆ. ಜೀವಮಾನದಲ್ಲಿ ಮೊದಲ ಸಲ ದೇವರಿಗೇ ಮೋಸ ಮಾಡಿ, ಪುಕ್ಕಟೆ ಕ್ಷಮೆ ತಗೊಂಡು ಬಂದಿದ್ದೆ.

ಮೂರನೇ ಭಾನುವಾರ ಗುಲಾಬಿ ಬತ್ತಿ ಹೊತ್ತಿಸುವುದು, ಅದು ಸಂತೋಷದ ಭಾನುವಾರ. ಮರುದಿನ ಬೆಳಿಗ್ಗೆ ಸಾರಮ್ಮ ಬಂದಳು. ರಸ್ತೆ ತಿರುವಿನಲ್ಲಿ ಜೀಪ್ ರಿಪೇರಿ ಶೆಡ್ ಇಟ್ಟಿರುವ ಮೆಕ್ಯಾನಿಕ್ ಸಾಹೇಬರ ಹೆಂಡತಿ. ಮೂವತ್ತು ವರ್ಷ ತೆರೆಜಾಳ ಕುಸ್ವಾರ್ ತಟ್ಟೆ ಆ ಮನೆಗೆ ಹೋಗಿತ್ತು, ರಂಜಾನಿಗೆ ಅಲ್ಲಿಂದ ತಟ್ಟೆ ಬಂದಿತ್ತು. ಅವಳ ಕೈಯಲ್ಲಿ ಬಟ್ಟೆ ಮುಚ್ಚಿದ ಸ್ಟೀಲ್ ಡಬ್ಬ.

“ಸಾವಿನ ಮನೇಲಿ ಎಣ್ಣೆ ಇಡ್ಬಾರ್ದು ಅಂತ ತೆರೆಜಾಬಾಯಿನೇ ಹೇಳಿದ್ರು,” ಎಂದಳು. “ಪಕ್ಕದ ಮನೇಲಿ ಇಡ್ಬಾರ್ದು ಅಂತೇನೂ ಹೇಳ್ಲಿಲ್ಲ.”

ಡಬ್ಬದ ತುಂಬ ಕಿಡಿಯೋ. ಸುರುಳಿಗಳು ಒಂದೊಂದು ಒಂದೊಂದು ಸೈಜು.

“ಬಾಚಣಿಗೆ ಹೊಸದು ತಗೊಂಡೆ ಮಾರಾಯ್ತಿ, ಹೆದರ್ಬೇಡಿ,” ಎಂದು ತಾನೇ ನಕ್ಕಳು. “ಅವ್ರಷ್ಟು ಸಣ್ಣಕ್ಕೆ ಸುತ್ತಕ್ಕೆ ಬರಲ್ಲ ನಂಗೆ. ನಮ್ಮೆಜಮಾನ್ರು ನೋಡಿ, ಇದೇನು ಸ್ಪ್ರಿಂಗಾ, ಗಾಡಿಗೆ ಹಾಕ್ಬೋದಾ ಅಂದ್ರು.”

ಲಿಗೋರಿ ಒಂದು ಎತ್ತಿಕೊಂಡು, ಬಾಯಿಗಿಡದೆ ತಿರುಗಿಸಿ ತಿರುಗಿಸಿ ನೋಡಿದ. “ಚೆನ್ನಾಗಿದೆ ಸಾರಮ್ಮ,” ಎಂದು ಕಣದ ಕಡೆ ಹೋದ. ಅವನು ಅಷ್ಟು ದೂರ ಹೋದ ಮೇಲೆ ಅವಳು ದನಿ ಇಳಿಸಿದಳು.

“ಟೀಚರ್, ರೀನಾ ಫೋನ್ ಮಾಡಿದ್ಲು. ಹಬ್ಬಕ್ಕೆ ಬರಲ್ವಂತೆ. ಇಪ್ಪತ್ನಾಲ್ಕು, ಇಪ್ಪತ್ತೈದು ಎರಡೂ ಡ್ಯೂಟಿ ತಾನೇ ಕೇಳಿ ಹಾಕಿಸ್ಕೊಂಡಿದ್ದಾಳೆ. ಪಾಪಾ ಮುಂದೆ ಮೊಣಕಾಲೂರಿ, ಅವ್ರು ಎದ್ದು ಹೋದ್ರೆ ನಂಗೆ ತಡೆಯಕ್ಕಾಗಲ್ಲ ಸಾರಾಂಟಿ ಅಂತಾಳೆ. ಆ ಹುಡುಗಿ ಏನು ಅಂಥಾ ತಪ್ಪು ಮಾಡಿದ್ಲು? ನೀವಾದ್ರೂ ನಿಮ್ಮ ತಮ್ಮಂಗೆ ಎರಡು ಮಾತು ಹೇಳ್ಬಾರ್ದಾ? ಇಷ್ಟು ಓದ್ಕೊಂಡಿದೀರಿ!”

ಅವಳಿಗೆ ಏನೂ ಗೊತ್ತಿರಲಿಲ್ಲ. ಆದರೂ ಆ ಮಾತು ಬಂದು ಸರಿಯಾಗಿ ತಾಗಬೇಕಾದಲ್ಲಿ ತಾಗಿತು. ಡಬ್ಬ ಖಾಲಿ ಮಾಡಿಕೊಡಲೂ ಮರೆತು ನಾನು ನಿಂತೇ ಇದ್ದೆ.

ಮಧ್ಯಾಹ್ನ ಕಣಕ್ಕೆ ಹೋದೆ. ಆಳುಗಳು ಮೇಲಿನ ಬ್ಲಾಕಿನಲ್ಲಿ ಕೊಯ್ಯುತ್ತಿದ್ದರು. ಲಿಗೋರಿ ಒಬ್ಬನೇ ಉದ್ದ ಹಿಡಿಯ ಹಲಗೆಯಲ್ಲಿ ಪಾರ್ಚ್‌ಮೆಂಟ್ ಎಳೆದು ತಿರುವುತ್ತಿದ್ದ. ಇನ್ನೊಂದು ಹಲಗೆ ಗೋಡೆಗೆ ಒರಗಿತ್ತು, ತೆರೆಜಾ ಹಿಡಿಯುತ್ತಿದ್ದದ್ದು. ಅದನ್ನು ತಗೊಂಡು ಅವನ ಪಕ್ಕದ ಸಾಲು ಎಳೆಯತೊಡಗಿದೆ.

“ನಿಂಗ್ಯಾಕೆ ಬಾಯ್, ಸೊಂಟ ಹಿಡ್ಕೊಳ್ಳುತ್ತೆ.”

“ಲಿಗೋರಿ,” ಎಂದೆ. “ತೆರೆಜಾನ ಮನೆಗೆ ಕರ್ಕೊಂಡು ಹೋಗು ಅಂತ ರೀನಾಗೆ ಹೇಳಿದ್ದು ನಾನು.”

ಅವನ ಹಲಗೆ ನಿಲ್ಲಲಿಲ್ಲ. ಸರಸರ ಸದ್ದು ಆ ತುದಿವರೆಗೆ ಹೋಯಿತು, ತಿರುಗಿತು, ವಾಪಸು ಬಂತು. ನನ್ನ ಪಕ್ಕಕ್ಕೆ ಬಂದಾಗ ಕೇಳಿದ:

“ಅವಳು ಎಷ್ಟೊತ್ತಿಗೆ ಫೋನ್ ಮಾಡಿದ್ದು?”

“ಬೆಳಿಗ್ಗೆ ಹತ್ತಕ್ಕೆ.”

“ಹೇಳೋಕೆ ಮುಂಚೆ ಎಷ್ಟು ಹೊತ್ತು ಯೋಚ್ನೆ ಮಾಡ್ದೆ ನೀನು?”

ಆ ಪ್ರಶ್ನೆ ನಾನು ಎಣಿಸಿರಲಿಲ್ಲ. “ಯೋಚ್ನೆ ಮಾಡ್ಲಿಲ್ಲ. ತೆರೆಜಾನೇ ನಂಗೆ ಮೊದಲೇ ಹೇಳಿದ್ಲು. ಪೈಪುಗಳ ಮಧ್ಯೆ ಬೇಡ, ನನ್ನ ಹಾಸಿಗೆಗೆ ತನ್ನಿ ಅಂತ.”

“ನಿಂಗೆ ಹೇಳಿದ್ಲು.”

“ಹ್ಞೂಂ.”

“ನಂಗೆ ಹೇಳ್ಬೇಡ ಅಂದ್ಲಾ?”

ಸುಳ್ಳು ಹೇಳುವ ಹಾಗಿರಲಿಲ್ಲ. “ನೀನು ಅನ್ನ ಬಿಡ್ತೀಯ ಅಂತ ಹೆದರಿದ್ಲು.”

ಅವನು ಇನ್ನೊಂದು ಸಾಲು ಎಳೆದ. ಮತ್ತೆ ನನ್ನ ಹತ್ತಿರ ಬಂದಾಗ ಹಲಗೆಯನ್ನು ನೆಲಕ್ಕೆ ಊರಿ ನಿಂತ. ನನ್ನ ಮುಖ ನೋಡಲಿಲ್ಲ, ಹರಡಿದ ಕಾಳನ್ನೇ ನೋಡುತ್ತಿದ್ದ.

“ಮಣ್ಣು ಹಾಕಿದ ದಿನ ನೀನು ಅಲ್ಲೇ ಇದ್ದೆ.”

“ಇದ್ದೆ.”

“ನಂಗೆ ಕೊಡೆ ಹಿಡ್ಕೊಂಡಿದ್ದೆ.”

“ಹ್ಞೂಂ.”

“ನಾನು ಆ ಹುಡುಗಿಗೆ ಏನಂದೆ ಅಂತ ಕೇಳಿಸ್ಕೊಂಡೆ. ಕೇಳಿಸ್ಕೊಂಡು ಸುಮ್ನಿದ್ದೆ. ಆಮೇಲೆ ಇಲ್ಲಿಗೆ ಬಂದು ದಿನಾ ಸಂಜೆ ನನ್ನ ತಲೆ ಮೇಲೆ ಕೈ ಇಟ್ಟೆ.”

“ತಪ್ಪಾಯ್ತು ಲಿಗೋರಿ.”

ಅವನು ಬೈದಿದ್ದರೆ ಚೆನ್ನಾಗಿತ್ತು. ಹಲಗೆ ಎತ್ತಿಕೊಂಡು ಮುಂದಿನ ಸಾಲಿಗೆ ಹೋದ. ನಾನೂ ನನ್ನ ಸಾಲು ಮುಗಿಸಿದೆ. ಅರ್ಧಕ್ಕೆ ಬಿಟ್ಟು ಹೋದರೆ ಕಾಳು ಒಂದೇ ಸಮ ಒಣಗುವುದಿಲ್ಲ. ಅಷ್ಟು ತೋಟದ ಬುದ್ಧಿ ನನಗೂ ಇತ್ತು.

ಆ ಸಂಜೆಯೂ ತೆರ್ಸ್ ಆಯಿತು. ಅವನು ಒಂದು ಅಕ್ಷರ ತಪ್ಪದೆ ಹೇಳಿಕೊಟ್ಟ, ನಾನು ಉತ್ತರ ಹೇಳಿದೆ. ಮುಗಿದ ಮೇಲೆ ನಾನು ಕೂತಲ್ಲೇ ಕಾದೆ. ಅವನು ಗೋಡೆ ಹಿಡಿದು ಎದ್ದ, ಬತ್ತಿ ಊದಿದ, ಅಡುಗೆಮನೆಗೆ ಹೋಗಿ ಎರಡು ತಟ್ಟೆ ಹಾಕಿದ. ಬೆಸಾಂವ್ ಕೇಳಲಿಲ್ಲ. ಹುಟ್ಟಿದಾರಭ್ಯ ನಾವಿಬ್ಬರೂ ಒಂದೇ ಸೂರಿನಡಿ ಇದ್ದ ಯಾವ ಸಂಜೆಯೂ ಹಾಗಾಗಿರಲಿಲ್ಲ. ಊಟದಲ್ಲಿ ಉಪ್ಪು ಬೇಕಾ ಅಂತ ಕೇಳಿದ. ಬೇಡ ಎಂದೆ. ಅಷ್ಟೇ ಮಾತು.

ಸೂಟ್‌ಕೇಸ್ ತುಂಬಿಕೊಂಡು ಮರುದಿನದ ಬಸ್ಸಿಗೆ ಹೊರಡೋಣ ಅನಿಸಿತು. ಅದೂ ಒಂದು ಒಮಿಷನ್ನೇ ಆಗುತ್ತದೆ ಅಂತ ಬಿಟ್ಟೆ.

ಬೆಳಿಗ್ಗೆ ಹಾಲು ಕಾಯಿಸುವಾಗ ಕಿಟಕಿಯಲ್ಲಿ ಅವನು ಕಂಡ. ನೀರಿನ ಟ್ಯಾಂಕಿನ ಪಕ್ಕ, ನೆಟ್‌ವರ್ಕ್ ಚೆನ್ನಾಗಿ ಸಿಗುವ ಜಾಗದಲ್ಲಿ, ಮಫ್ಲರ್ ಕಟ್ಟಿಕೊಂಡು ನಿಂತಿದ್ದ. ಐದು ತಿಂಗಳಲ್ಲಿ ಅವನಾಗಿ ಅವಳಿಗೆ ಫೋನು ಮಾಡಿದ್ದು ಅದೇ ಮೊದಲು. ಮಂಜಿನಲ್ಲಿ ಅವನ ಮಾತು ಮಾತ್ರ ಕೇಳಿಸುತ್ತಿತ್ತು.

“ರೀನಾ… ಪಾಪಾ… ಇಲ್ಲ ಇಲ್ಲ, ಏನೂ ಆಗಿಲ್ಲ, ಆರಾಮಿದೀನಿ… ಆಕಯ್‌ನೂ ಆರಾಮು…” ಆಮೇಲೆ ಫೋನನ್ನು ಕಿವಿಗೊತ್ತಿಕೊಂಡು ಟ್ಯಾಂಕಿಗೆ ಒಂದು ಸುತ್ತು ಬಂದ. ಹಾಲು ಉಕ್ಕಿ ಒಲೆಗೆ ಬಿತ್ತು, ನಾನು ನೋಡಲಿಲ್ಲ. “ಗೊತ್ತಾಯ್ತು. ನಿನ್ನೆ ಹೇಳಿದ್ಲು… ನೀನ್ಯಾಕೆ ಹೇಳ್ಲಿಲ್ಲ?… ಹ್ಞೂಂ… ಹ್ಞೂಂ… ಡ್ಯೂಟಿ ಯಾರ ಹತ್ರಾನಾದ್ರೂ ಬದಲಾಯಿಸ್ಕೋಬೋದಾ?”

ಇಪ್ಪತ್ತನಾಲ್ಕರ ಮಧ್ಯಾಹ್ನ ರೀನಾ ಬಂದಳು. ಗೇಟಿನ ಹತ್ತಿರ ಅವಳ ಬ್ಯಾಗು ಇಸಿದುಕೊಂಡದ್ದು ಲಿಗೋರಿಯೇ. ಅಪ್ಪ ಮಗಳು ತಬ್ಬಿಕೊಳ್ಳಲಿಲ್ಲ, ನಮ್ಮ ಮನೆಯಲ್ಲಿ ಆ ಅಭ್ಯಾಸವಿಲ್ಲ. “ಸಣ್ಣ ಆಗಿದೀಯ,” ಎಂದ. “ನೀವೂ,” ಎಂದಳು. ಇಬ್ಬರೂ ಕೂತು ಗೋದಲಿಗೆ ಪಾಚಿ ಹಾಸಿದರು. ಕುರಿಗಳಲ್ಲಿ ಒಂದಕ್ಕೆ ಕಾಲು ಮುರಿದಿತ್ತು. ರೀನಾ ತನ್ನ ಬ್ಯಾಗಿನಿಂದ ಪ್ಲಾಸ್ಟರ್ ತೆಗೆದು ಸುತ್ತಿದಳು. “ಹೊಸದು ತರ್ಬೋದಿತ್ತಲ್ಲ ಪಾಪಾ.” “ಮಮ್ಮಿ ತಂದಿದ್ದ ಕುರಿ ಅದು, ಇರ್ಲಿ.”

ಆ ಕಡೆ ಆನೆಗಳ ಓಡಾಟ ಶುರುವಾದ ಮೇಲೆ ನಮ್ಮ ಮಿಡ್‌ನೈಟ್ ಮಾಸ್ ಸಂಜೆ ಏಳಕ್ಕೇ ಬಂದುಬಿಟ್ಟಿದೆ. ಹಾಗಾಗಿ ಐದಕ್ಕೇ ತೆರ್ಸ್‌ಗೆ ಕೂತೆವು. ನಾಲ್ಕೂ ಬತ್ತಿ ಉರಿಯುತ್ತಿದ್ದವು. ಮುಗಿಯಿತು. ಸಾಲಿನ ಪ್ರಕಾರ ಎಲ್ಲರಿಗಿಂತ ಕಿರಿಯಳು ಮೊದಲು. ರೀನಾ ಎದ್ದವಳು ಒಂದು ಹೆಜ್ಜೆ ಇಟ್ಟು ನಿಂತಳು. ಅವಳ ಮುಖದಲ್ಲಿ ಹೆದರಿಕೆ ಇನ್ನೂ ಇತ್ತು. ಐದು ತಿಂಗಳು ಇಲ್ಲ ಅನ್ನಿಸಿಕೊಂಡವರಿಗೆ ಒಂದು ಫೋನಿನಲ್ಲಿ ಧೈರ್ಯ ಬರುತ್ತದೆಯೇ? ಆಮೇಲೆ ಅಪ್ಪನ ಮುಂದೆ ಮೊಣಕಾಲೂರಿ ಕೈಮುಗಿದಳು.

“ಬೆಸಾಂವ್ ದೀ, ಪಾಪಾ.”

ಲಿಗೋರಿ ಎರಡೂ ಕೈ ಅವಳ ತಲೆಯ ಮೇಲಿಟ್ಟ. “ದೇವ್ ಬರೆಂ ಕರುಂ,” ಎಂದ. ಆಮೇಲೆ, ಯಾವ ರೂಢಿಯಲ್ಲೂ ಇಲ್ಲದ ಮಾತು ಸೇರಿಸಿದ: “ಮಮ್ಮಿ ಜತೆ ಕೊನೇವರೆಗೆ ಇದ್ದೆಯಲ್ಲ ನೀನು. ನಾನಿರ್ಲಿಲ್ಲ.” ರೀನಾ ಅವನ ಪಂಚೆಯಲ್ಲಿ ಮುಖ ಮುಚ್ಚಿಕೊಂಡಳು.

ಅವಳು ನನ್ನ ಹತ್ತಿರವೂ ಬಂದಳು, ನಾನೂ ಕೊಟ್ಟೆ. ಮುಂದಿನ ಸರದಿ ಲಿಗೋರಿಯದು. ಅವನು ಜಪಸರ ಮಡಚಿ ಜೇಬಿಗೆ ಹಾಕಿಕೊಂಡು ಕೂತೇ ಇದ್ದ. ರೀನಾ ಅವನನ್ನು ನೋಡಿದಳು, ನನ್ನನ್ನು ನೋಡಿದಳು.

ನಾನು ಎದ್ದೆ. ನಮ್ಮ ಮನೆಗಳಲ್ಲಿ ಯಾವ ಹಿರಿಯರೂ ಮಾಡದ ಕೆಲಸ ಮಾಡಿದೆ. ನನ್ನ ತಮ್ಮನ ಮುಂದೆ ಹೋಗಿ ಕೈ ಜೋಡಿಸಿದೆ. ಮೊಣಕಾಲೂರಲು ನನ್ನಿಂದ ಆಗುವುದಿಲ್ಲ, ಕುರ್ಚಿಯ ಬೆನ್ನಿಗೆ ಒರಗಿ ನಿಂತೆ.

“ಬೆಸಾಂವ್ ದೀ, ಲಿಗೋರಿ.”

ಅವನು ಬೆಚ್ಚಿದ. “ದೊಡ್ಡವ್ರು ಕೇಳ್ಬಾರ್ದು ಬಾಯ್.”

“ಕೇಳಿಯಾಯ್ತಲ್ಲ.”

ಅವನ ಬಲಗೈ ಮಡಿಲಿನಿಂದ ಸ್ವಲ್ಪ ಎದ್ದಿತು, ಕಾಫಿ ಹಣ್ಣಿನ ಕರೆ ಹಿಡಿದು ಕಪ್ಪಾದ ಬೆರಳುಗಳು. ಎದ್ದಷ್ಟೇ ಎದ್ದು ನಿಂತಿತು. ನನ್ನ ತಲೆಯವರೆಗೆ ಬರಲಿಲ್ಲ. ಅವನು ನನ್ನ ಜೋಡಿಸಿದ ಕೈಗಳನ್ನು ಹಿಡಿದು ಮೆಲ್ಲನೆ ಬಿಡಿಸಿದ.

“ಇವತ್ತು ಆಗಲ್ಲ,” ಎಂದ. “ಬಾಯಲ್ಲಿ ಹೇಳ್ಬೋದು, ಒಳಗಿಂದ ಬರಲ್ಲ. ಸುಳ್ಳು ಬೆಸಾಂವ್ ಸಾಕು ನಮಗಿಬ್ಬರಿಗೂ. ನಾಳೆ ಕೇಳು.”

ಜೀಪಿನಲ್ಲಿ ಚರ್ಚಿಗೆ ಹೊರಟೆವು. ನನಗೆ ಅಳು ಬರಲಿಲ್ಲ. ಮೂರು ನಮೋ ಮರಿಯಾಕ್ಕೆ ಸಿಕ್ಕ ಕ್ಷಮೆಗಿಂತ ಈ ಇಲ್ಲ ಅನ್ನುವ ಮಾತು ಹೆಚ್ಚು ಹಗುರ ಮಾಡಿತ್ತು. ಪೂಜೆಗೆ ಮೊದಲು ಫಾದರ್ ಇನ್ನೂ ನಿವೇದನೆ ಕೇಳುತ್ತಾ ಕೂತಿದ್ದರು. ಹೋಗಿ ಜಾಲರಿಯ ಈಚೆ ಮೊಣಕೈ ಊರಿದೆ. “ಫಾದರ್, ಹೋದ ಸಲ ಒಂದು ಬಿಟ್ಟಿದ್ದೆ,” ಎಂದೆ.

ಕ್ರಿಸ್ಮಸ್ ದಿನ ಸಂಜೆ ಕೇಳಿದೆ. “ನಾಳೆ,” ಎಂದ. ಇಪ್ಪತ್ತಾರಕ್ಕೆ ರೀನಾ ಡ್ಯೂಟಿಗೆ ಹೊರಟಳು. ಅವತ್ತೂ ಕೇಳಿದೆ, ಅವತ್ತೂ ನಾಳೆ. ಇಪ್ಪತ್ತೆಂಟಕ್ಕೆ ನಾನು ವಾಪಸು ಹೋಗುವುದೆಂದು ಮೊದಲೇ ಠರಾವಾಗಿತ್ತು. ಹೋಗಲಿ ಅಂತ ಬಸ್ಸು ಬಿಟ್ಟೆ. ಅವನೂ ಯಾಕೆ ಹೋಗಲಿಲ್ಲ ಅಂತ ಕೇಳಲಿಲ್ಲ, ಬೆಳಿಗ್ಗೆ ಎರಡು ಲೋಟ ಕಾಫಿ ಬಗ್ಗಿಸಿದ. ಹಗಲು ಇಬ್ಬರೂ ಕಣದಲ್ಲಿ ಹಲಗೆ ಎಳೆಯುತ್ತಿದ್ದೆವು. ತೆರೆಜಾಳ ಬಗ್ಗೆ ಅವನು ಒಂದೊಂದೇ ಕೇಳಲು ಶುರು ಮಾಡಿದ. ಬೆಳ್ಳುಳ್ಳಿ ಸುಲಿಯುವಾಗ ಇನ್ನೇನು ಹೇಳಿದ್ದಳು? ಹೆದರಿದ್ದಳಾ? ನಗುತ್ತಿದ್ದಳಾ? ನನಗೆ ನೆನಪಿದ್ದದ್ದೆಲ್ಲ ಹೇಳಿದೆ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಎಂದೆ.

ಹೊಸ ವರ್ಷ ಬಂತು. ಜನವರಿ ಆರಕ್ಕೆ ಮೂರು ರಾಯರ ಹಬ್ಬ ಬಂತು, ಅವತ್ತಿಗೆ ಗೋದಲಿ ಬಿಚ್ಚುವುದು. ಬೊಂಬೆಗಳನ್ನು ಒಂದೊಂದಾಗಿ ಹಳೇ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆವು. ತೆರ್ಸ್ ಆಯಿತು. ಅಷ್ಟು ದಿನದ ರೂಢಿಯಂತೆ ನಾನೇ ಎದ್ದು ಅವನ ಮುಂದೆ ಕೈ ಜೋಡಿಸಿದೆ, ನಾಳೆ ಅನ್ನಿಸಿಕೊಂಡು ಊಟಕ್ಕೆ ಹೋಗಲು ತಯಾರಾಗಿಯೇ.

ನನ್ನ ಬಿಳಿ ತಲೆಯ ಮೇಲೆ ಅವನ ಕೈ ಬಂತು. ಭಾರವಾದ, ಒರಟು ಕೈ.

“ದೇವ್ ಬರೆಂ ಕರುಂ, ಬಾಯ್.”

ಕಣ್ಣು ಬಿಟ್ಟಾಗ ಅವನು ಕೈ ತೆಗೆದಿದ್ದ. ಕುರ್ಚಿಯಿಂದ ಎದ್ದಿದ್ದ. ನನಗಿಂತ ನಾಲ್ಕು ವರ್ಷ ಕಿರಿಯ, ಗೋಡೆ ಹಿಡಿದುಕೊಂಡು, ತಲೆ ಬಗ್ಗಿಸಿ, ನನ್ನ ಕೈಗೆ ಎಟುಕುವ ಹಾಗೆ ನಿಂತಿದ್ದ.